ನ್ಯೂಜಿಲೆಂಡಿನ ಕುರಿ, ಲಂಡನ್ನಿನ ಸಂತೆ

ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಗೆ 1882ರ ಮೇ ತಿಂಗಳ ಕೊನೆಯಲ್ಲಿ ಬಂದ ಕುರಿಮಾಂಸ ಅಲ್ಲಿನ ವ್ಯಾಪಾರಿಗಳನ್ನು ಬೆರಗುಗೊಳಿಸಿತು. ಆಗತಾನೇ ಕಡಿದಂತೆ ಕಾಣುತ್ತಿದ್ದ ಆ ಕುರಿಗಳನ್ನು ಕಡಿದು ಮೂರು ತಿಂಗಳ ಮೇಲಾಗಿತ್ತು. ಕಡಿದದ್ದು ಭೂಗೋಳದ ಇನ್ನೊಂದು ಬದಿಯ ನ್ಯೂಜಿಲೆಂಡಿನಲ್ಲಿ. ‘ಡನೀಡಿನ್’ ಎಂಬ ಹಾಯಿಹಡಗು 98 ದಿನಗಳ ಪಯಣದಲ್ಲಿ ಸುಮಾರು ಐದು ಸಾವಿರ ಕುರಿಗಳ ಮಾಂಸವನ್ನು ಹೊತ್ತು ತಂದಿತ್ತು. ಕೆಟ್ಟಿದೆಯೆಂದು ಎಸೆಯಬೇಕಾಗಿ ಬಂದದ್ದು ಒಂದೇ ಒಂದನ್ನು.

ಆ ಕಾಲದ ನ್ಯೂಜಿಲೆಂಡಿನಲ್ಲಿ ಐದು ಲಕ್ಷದಷ್ಟು ಜನ, ಒಂದು ಕೋಟಿಗೂ ಮಿಕ್ಕಿ ಕುರಿ. ಸಾಕುತ್ತಿದ್ದದ್ದು ಉಣ್ಣೆಗಾಗಿ. ಉಣ್ಣೆ ಕೆಡುವುದಿಲ್ಲ, ಎಷ್ಟು ದೂರಕ್ಕಾದರೂ ಕಳಿಸಬಹುದು. ಮಾಂಸಕ್ಕೆ ಆ ಭಾಗ್ಯವಿರಲಿಲ್ಲ. ಮುದಿ ಕುರಿಗಳನ್ನು ದೊಡ್ಡ ಹಂಡೆಗಳಲ್ಲಿ ಬೇಯಿಸಿ, ಕೊಬ್ಬನ್ನು ಮೇಣದಬತ್ತಿಗೂ ಸಾಬೂನಿಗೂ ಮಾರಿ, ಉಳಿದದ್ದನ್ನು ಬಿಸಾಡುತ್ತಿದ್ದರು. ಅದೇ ಹೊತ್ತಿಗೆ ಇಂಗ್ಲೆಂಡಿನ ಕಾರ್ಖಾನೆ ಪಟ್ಟಣಗಳಲ್ಲಿ ಜನ ಹೆಚ್ಚಿ ಮಾಂಸ ತುಟ್ಟಿಯಾಗಿತ್ತು. ನಡುವೆ ಇದ್ದದ್ದು ಸಮುದ್ರ, ಅದಕ್ಕಿಂತ ಮುಖ್ಯವಾಗಿ ಸಮಭಾಜಕ ವೃತ್ತದ ಸೆಕೆ.

ಮಾಂಸವನ್ನು ಹಿಮಗಟ್ಟಿಸಿ ಸಾಗಿಸುವ ಪ್ರಯತ್ನದಲ್ಲಿ ‘ಡನೀಡಿನ್’ ಮೊದಲನೆಯದೇನಲ್ಲ. 1880ರಲ್ಲೇ ಆಸ್ಟ್ರೇಲಿಯಾದಿಂದ ‘ಸ್ಟ್ರಾತ್‌ಲೆವೆನ್’ ಎಂಬ ಹಡಗು ಹೀಗೆ ಲಂಡನ್ ಮುಟ್ಟಿತ್ತು. ಆದರೆ ‘ಡನೀಡಿನ್’ ಪಯಣದ ಕಥೆ ಸ್ವಾರಸ್ಯದ್ದು. ಗಾಳಿಯ ಬಲದಿಂದ ಹೋಗುವ ಹಡಗಿನೊಳಗೆ ಕಲ್ಲಿದ್ದಲು ಉರಿಸಿ ನಡೆಸುವ ಶೈತ್ಯಯಂತ್ರವನ್ನು ಕೂರಿಸಿದ್ದರು. ಚಿಮಣಿಯ ಕಿಡಿ ಹಾರಿ ಹಾಯಿಗಳಿಗೆ ಬೆಂಕಿ ತಗುಲಿದ್ದೂ ಉಂಟು. ಉಷ್ಣವಲಯದಲ್ಲಿ ಗಾಳಿ ಬಿದ್ದುಹೋಗಿ ಹಡಗು ನಿಂತಾಗ ಉಗ್ರಾಣದೊಳಗೆ ತಂಪು ಸರಿಯಾಗಿ ಹರಡುತ್ತಿಲ್ಲವೆಂಬುದು ಗೊತ್ತಾಯಿತು. ಕಪ್ತಾನ ವಿಟ್ಸನ್ ತಾನೇ ತಂಪುಗಾಳಿಯ ಕೊಳವೆಯೊಳಗೆ ತೆವಳಿ ಹೋಗಿ ಹೊಸ ಕಂಡಿಗಳನ್ನು ಕೊರೆದ. ಚಳಿಗೆ ಅಲ್ಲೇ ಮರಗಟ್ಟಿ ಬಿದ್ದವನನ್ನು, ಹಿಂದಿನಿಂದ ತೆವಳಿ ಬಂದ ಇನ್ನೊಬ್ಬ ಕಾಲಿಗೆ ಹಗ್ಗ ಕಟ್ಟಿ ಹೊರಗೆಳೆಯಬೇಕಾಯಿತು.

ಆ ಹಡಗು ಒಂದು ದೇಶದ ಬದುಕನ್ನೇ ತಿರುಗಿಸಿತೆಂದರೆ ಉತ್ಪ್ರೇಕ್ಷೆಯಲ್ಲ. ಕರಾವಳಿಯುದ್ದಕ್ಕೂ ಮಾಂಸ ಹಿಮಗಟ್ಟಿಸುವ ಕಾರ್ಖಾನೆಗಳು ಎದ್ದವು. ನಯವಾದ ಉಣ್ಣೆಯ ಮೆರಿನೋ ಹಿಂದೆ ಸರಿದು, ಮಾಂಸಕ್ಕೂ ಉಣ್ಣೆಗೂ ಒದಗುವ ರಾಮ್ನಿಯಂಥ ತಳಿಗಳು ಬಂದವು. ಕೆಲವೇ ಎಕರೆಯ ಸಣ್ಣ ಹಿಡುವಳಿದಾರನೂ ಕುರಿ ಸಾಕಿ ಸಂಸಾರ ನಡೆಸಬಹುದೆಂದು ಆಯಿತು. ಅಲ್ಲಿ ವಸಂತ ಬರುವುದು ಸೆಪ್ಟೆಂಬರಿನಲ್ಲಿ. ಹೀಗಾಗಿ ಅಲ್ಲಿನ ಮರಿಗಳು, ಇಂಗ್ಲೆಂಡಿನಲ್ಲಿ ಎಳೆಯ ಮಾಂಸ ಸಿಗದ ಈಸ್ಟರ್ ಹಬ್ಬದ ವೇಳೆಗೆ ಸರಿಯಾಗಿ ಹೋಗಿ ತಲುಪುತ್ತಿದ್ದವು. ಋತುಮಾನವೇ ವ್ಯಾಪಾರಕ್ಕೆ ಅನುಕೂಲ ಮಾಡಿಕೊಟ್ಟಿತ್ತು.

ದೂರವನ್ನು ಯಂತ್ರ ಗೆದ್ದಿತು, ನಿಜ. ಆದರೆ ಮಾಲು ಇಳಿಸುವ ಕಡೆಯ ಬಾಗಿಲು ಇನ್ನೊಬ್ಬರ ಕೈಯಲ್ಲಿತ್ತು. ಮುಕ್ಕಾಲು ಶತಮಾನ ಅದು ತೆರೆದೇ ಇದ್ದುದರಿಂದ ಅಲ್ಲೊಂದು ಬಾಗಿಲಿದೆ ಎಂಬುದನ್ನೇ ನ್ಯೂಜಿಲೆಂಡಿನ ರೈತ ಮರೆತಿದ್ದ. ಎರಡನೆಯ ಮಹಾಯುದ್ಧದ ಕಾಲದಿಂದ 1954ರವರೆಗಂತೂ ಬ್ರಿಟಿಷ್ ಸರ್ಕಾರವೇ ಮಾಂಸವನ್ನು ಸಗಟಾಗಿ ಕೊಳ್ಳುತ್ತಿತ್ತು.

1961ರಲ್ಲಿ ಬ್ರಿಟನ್ ಐರೋಪ್ಯ ಆರ್ಥಿಕ ಸಮುದಾಯ ಸೇರಲು ಅರ್ಜಿ ಹಾಕಿದಾಗ ಮರೆವು ಬಿಟ್ಟಿತು. ಫ್ರಾನ್ಸ್ ಅಡ್ಡಗಾಲು ಹಾಕಿದ್ದರಿಂದ ಒಂದು ದಶಕ ಉಸಿರಾಡಲು ಬಿಡುವು ಸಿಕ್ಕಿತು. 1971ರ ಲಕ್ಸಂಬರ್ಗ್ ಮಾತುಕತೆಯಲ್ಲಿ ನ್ಯೂಜಿಲೆಂಡಿನ ಪ್ರತಿನಿಧಿಗಳು ಹಟ ಹಿಡಿದು ಬೆಣ್ಣೆಗೂ ಗಿಣ್ಣಿಗೂ ಒಂದಷ್ಟು ವರ್ಷಗಳ ರಿಯಾಯಿತಿ ಪಡೆದರು. ಕುರಿಮಾಂಸಕ್ಕೆ ಆ ರಕ್ಷಣೆ ದಕ್ಕಲಿಲ್ಲ. 1973ರ ಜನವರಿ 1ರಂದು ಬ್ರಿಟನ್ ಸಮುದಾಯವನ್ನು ಸೇರಿತು. ಸುಂಕ ಹಂತಹಂತವಾಗಿ ಶೇ. 20ಕ್ಕೆ ಏರಿತು. 1980ರಲ್ಲಿ ಸುಂಕವನ್ನು ಶೇ. 10ಕ್ಕೆ ಇಳಿಸಿ, ಬದಲಿಗೆ ವರ್ಷಕ್ಕೆ 2,45,500 ಟನ್ ಮೀರುವಂತಿಲ್ಲ ಎಂದರು. ಈ ಮಿತಿಗೆ ‘ಸ್ವಯಂಪ್ರೇರಿತ ನಿರ್ಬಂಧ’ ಎಂದು ಹೆಸರು. ಎಷ್ಟು ಸ್ವಯಂಪ್ರೇರಿತವೋ ಕಳಿಸುವವರಿಗೇ ಗೊತ್ತು.

ಯುರೋಪಿನವರ ಭಯ ಸುಳ್ಳೇನಲ್ಲ. ವೇಲ್ಸಿನ ಗುಡ್ಡಗಳಲ್ಲಿ, ಫ್ರಾನ್ಸಿನ ಬೆಟ್ಟಸೀಮೆಯಲ್ಲಿ ಕುರಿ ಬಿಟ್ಟರೆ ಬೇರೆ ಬದುಕಿಲ್ಲದ ಸಂಸಾರಗಳಿದ್ದವು. ವರ್ಷವಿಡೀ ಹಸಿರು ಹುಲ್ಲಿರುವ, ಕೊಟ್ಟಿಗೆ ಕಟ್ಟಬೇಕಾಗಿಲ್ಲದ ನ್ಯೂಜಿಲೆಂಡಿನೊಡನೆ ಅವರು ಬೆಲೆಯಲ್ಲಿ ಪೈಪೋಟಿ ಮಾಡುವುದು ಹೇಗೆ? ಈ ವ್ಯಾಪಾರದಲ್ಲಿ ಎರಡೂ ಕಡೆ ನಿಂತಿರುವವನು ರೈತನೇ ಎಂಬುದು ಸುಂಕದ ಪಟ್ಟಿಗಳಲ್ಲಿ ಕಾಣುವುದಿಲ್ಲ.

ಸ್ವದೇಶದಲ್ಲಿ ನಡೆದ ತಪ್ಪೂ ಸಣ್ಣದಲ್ಲ. 1978ರಲ್ಲಿ ನ್ಯೂಜಿಲೆಂಡ್ ಸರ್ಕಾರ ಕನಿಷ್ಠ ಬೆಲೆಯ ಭರವಸೆ ಕೊಟ್ಟಿತು. ಕೊಳ್ಳುವವರಿಲ್ಲದಿದ್ದರೂ ಸಾಕಿದ್ದಕ್ಕೆ ದುಡ್ಡು ಬರುವುದಾದರೆ ಯಾರು ಬಿಟ್ಟಾರು? 1982ರ ಹೊತ್ತಿಗೆ ಕುರಿಗಳು ಏಳು ಕೋಟಿ ದಾಟಿದವು. ಶೈತ್ಯಾಗಾರಗಳು ತುಂಬಿ, ಮಾರಾಟವಾಗದ ಮಾಂಸವನ್ನು ಗೊಬ್ಬರ ಮಾಡಬೇಕಾಯಿತು. ನೂರು ವರ್ಷದ ಹಿಂದಿನ ಹಂಡೆಯ ಕಾಲವೇ ಮರಳಿ ಬಂದಂತೆ. 1984ರಲ್ಲಿ ಬಂದ ಹೊಸ ಸರ್ಕಾರ ಈ ನೆರವನ್ನು ಕಿತ್ತುಹಾಕಿತು. ಜಮೀನಿನ ಬೆಲೆ ಕುಸಿಯಿತು, ಸಾಲದ ಬಡ್ಡಿ ಏರಿತು, ರೈತರು ಬೀದಿಗಿಳಿದರು. ಹೆಚ್ಚಿನವರು ಹೇಗೋ ತಡೆದುಕೊಂಡು ಉಳಿದರು. ಆ ದಿನಗಳ ಕಷ್ಟವನ್ನು ಅಲ್ಲಿನವರು ಈಗಲೂ ಮರೆತಿಲ್ಲ.

ಬ್ರಿಟನ್ನಿನ ಬಾಗಿಲು ಕಿರಿದಾದ ಮೇಲೆ ಬೇರೆ ಬಾಗಿಲುಗಳನ್ನು ತಟ್ಟಲೇಬೇಕಾಯಿತು. ಮುಖ್ಯವಾದದ್ದು ಇರಾನ್. 1979ರ ಕ್ರಾಂತಿಯ ನಂತರ ಅಲ್ಲಿಗೆ ಹೋಗುವ ಮಾಂಸ ಹಲಾಲ್ ಆಗಿರಬೇಕೆಂಬುದು ಕಡ್ಡಾಯವಾಯಿತು. ಕತ್ತಿ ಹಿಡಿಯುವವನು ಮುಸಲ್ಮಾನನಾಗಿರಬೇಕು, ಕೊರಳು ಕೊಯ್ಯುವಾಗ ಪ್ರಾಣಿ ಜೀವಂತವಾಗಿರಬೇಕು. ನ್ಯೂಜಿಲೆಂಡಿನ ಪದ್ಧತಿಯಾದರೋ ಪ್ರಾಣಿಗೆ ಮೊದಲು ಪ್ರಜ್ಞೆ ತಪ್ಪಿಸಬೇಕೆನ್ನುತ್ತದೆ. ಎರಡಕ್ಕೂ ಒಪ್ಪುವ ದಾರಿಯೊಂದು ಹೊರಟಿತು: ತಲೆಗೆ ಮಾತ್ರ ವಿದ್ಯುತ್ ಹಾಯಿಸಿ ಮಂಪರು ಬರಿಸುವುದು. ಕೊಯ್ಯದೆ ಬಿಟ್ಟರೆ ಕುರಿ ಕೆಲ ನಿಮಿಷಗಳಲ್ಲಿ ಎದ್ದು ಓಡಾಡುತ್ತದೆ. ಆದ್ದರಿಂದ ಅದು ಸತ್ತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮುಸಲ್ಮಾನರ ಸಂಖ್ಯೆ ತೀರಾ ಕಡಿಮೆಯಿರುವ ದೇಶವೊಂದು ಹೀಗೆ ಹಲಾಲ್ ಮಾಂಸದ ದೊಡ್ಡ ರಫ್ತುದಾರನಾಯಿತು. ಅಲ್ಲಿನ ಎಷ್ಟೋ ಕಸಾಯಿಖಾನೆಗಳಲ್ಲಿ ಕೊಯ್ಯುವ ಜಾಗವನ್ನು ಮೆಕ್ಕಾದ ದಿಕ್ಕಿಗೆ ಮುಖಮಾಡಿ ಕಟ್ಟಿರುತ್ತಾರೆ.

ಅಮೆರಿಕದ ಕಥೆ ಬೇರೆ. 1999ರಲ್ಲಿ ಆ ದೇಶ ತನ್ನ ಕುರಿಗಾರರನ್ನು ಉಳಿಸಲೆಂದು ಆಮದು ಮಾಂಸಕ್ಕೆ ಶೇ. 9ರಷ್ಟೂ, ನಿಗದಿತ ಮಿತಿ ಮೀರಿದರೆ ಶೇ. 40ರಷ್ಟೂ ಸುಂಕ ಹಾಕಿತು. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2001ರಲ್ಲಿ ಗೆದ್ದವು. ಗೆದ್ದರೂ ಎರಡು ವರ್ಷಗಳ ನಷ್ಟವನ್ನು ತುಂಬಿಕೊಡುವವರಿಲ್ಲ.

ಸುಂಕವನ್ನಾದರೂ ಮೊದಲೇ ಲೆಕ್ಕ ಹಾಕಬಹುದು, ಕಾಗದಪತ್ರದ ಪೇಚು ಹಾಗಲ್ಲ. 2008ರಲ್ಲಿ ಚೀನಾದೊಡನೆ ಮುಕ್ತ ವ್ಯಾಪಾರ ಒಪ್ಪಂದವಾಗಿ ಅಲ್ಲಿಗೆ ಮಾಂಸ ಭರದಿಂದ ಹೋಗತೊಡಗಿತ್ತು. ಈ ನಡುವೆ ನ್ಯೂಜಿಲೆಂಡಿನ ಕೃಷಿ ಸಚಿವಾಲಯದ ಹೆಸರು ಬದಲಾಯಿತು. ಪ್ರಮಾಣಪತ್ರಗಳ ಮೇಲೆ ಹೊಸ ಹೆಸರು ಕಂಡ ಚೀನಾದ ಅಧಿಕಾರಿಗಳು 2013ರ ಮೇ ತಿಂಗಳಲ್ಲಿ ನೂರಾರು ಕಂಟೇನರುಗಳನ್ನು ಬಂದರಿನಲ್ಲೇ ತಡೆದು ನಿಲ್ಲಿಸಿದರು. ಮಾಂಸದಲ್ಲಿ ದೋಷವಿರಲಿಲ್ಲ, ಮುದ್ರೆಯಲ್ಲಿತ್ತು. ಕೆಲವು ವಾರಗಳಲ್ಲಿ ಗಂಟು ಬಿಚ್ಚಿತಾದರೂ ಅಲ್ಲಿಯವರೆಗೆ ದಾಸ್ತಾನಿನ ಬಾಡಿಗೆ ಏರುತ್ತಲೇ ಇತ್ತು.

2020ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದಾಗ ನ್ಯೂಜಿಲೆಂಡಿಗೆ ಸಂತೋಷವಾಗಬೇಕಿತ್ತು. ಆದದ್ದು ಕಿರಿಕಿರಿ. ಹಳೆಯ ಕೋಟಾವನ್ನು ಇಬ್ಬರೂ ಸರಿಪಾಲು ಮಾಡಿಕೊಂಡರು. ಒಂದು ಕಡೆ ಬೆಲೆ ಇಳಿದರೆ ಇನ್ನೊಂದು ಕಡೆಗೆ ಮಾಲು ತಿರುಗಿಸುವ ಅನುಕೂಲ ಅದರಿಂದ ತಪ್ಪಿತು. ಬ್ರಿಟನ್ನಿನೊಡನೆ ಹೊಸ ಒಪ್ಪಂದ ಜಾರಿಯಾದದ್ದು 2023ರ ಮೇ 31ರಂದು. ಈ ಸಲ ವೇಲ್ಸಿನ ರೈತರು ಪ್ರತಿಭಟಿಸಿದರು.

ಈಗ ನ್ಯೂಜಿಲೆಂಡಿನಲ್ಲಿ ಉಳಿದಿರುವ ಕುರಿಗಳು ಎರಡೂವರೆ ಕೋಟಿಗೂ ಕಡಿಮೆ. ತಳಿ ಸುಧಾರಿಸಿ ಮರಿಗಳ ತೂಕ ಹೆಚ್ಚಿರುವುದರಿಂದ ಮಾಂಸ ಅಷ್ಟೇ ಪ್ರಮಾಣದಲ್ಲಿ ಇಳಿದಿಲ್ಲ. ತಗ್ಗಿನ ನೆಲವನ್ನು ಹೈನುಗಾರಿಕೆ ಹಿಡಿದಿದೆ. ಗುಡ್ಡಗಳ ಮೇಲೆ ಇಂಗಾಲದ ಲೆಕ್ಕ ಮಾರಿ ಹಣ ಮಾಡಲು ಪೈನ್ ಮರಗಳನ್ನು ನೆಡುತ್ತಿದ್ದಾರೆ. ಇನ್ನು ಉಣ್ಣೆ: ಇತ್ತೀಚಿನ ವರ್ಷಗಳಲ್ಲಿ ಅನೇಕ ಸಲ ಕುರಿಯ ಒರಟು ಉಣ್ಣೆ ಮಾರಿ ಬಂದ ದುಡ್ಡು ಅದನ್ನು ಕತ್ತರಿಸಿದವರ ಕೂಲಿಗೂ ಸಾಲಲಿಲ್ಲ. 1882ಕ್ಕೆ ಮುಂಚೆ ಉಣ್ಣೆ ಮಾರಿ ಮಾಂಸ ಎಸೆಯುತ್ತಿದ್ದ ಅದೇ ನಾಡಿನಲ್ಲಿ.