ದ್ರಾಕ್ಷಿಯ ರುಚಿಯೂ ನೆಲದ ಗುಣವೂ

ಶಿರಾಳಕೊಪ್ಪದ ಸುತ್ತಿನ ಅಡಕೆ ಬೆಳೆಗಾರರಿಗೆ 'ಬೋರ್ಡೋ' ಎಂಬ ಹೆಸರು ಹೊಸದಲ್ಲ. ಮಳೆಗಾಲದಲ್ಲಿ ಕೊಳೆರೋಗ ತಗುಲದಂತೆ ಗೊನೆಗಳಿಗೆ ಸಿಂಪಡಿಸುವ, ಮೈಲುತುತ್ತ ಮತ್ತು ಸುಣ್ಣ ಬೆರೆತ ದ್ರಾವಣಕ್ಕೆ ಆ ಹೆಸರುಂಟು. ಬೋರ್ಡೋ ಎಂಬುದು ಫ್ರಾನ್ಸಿನ ನೈಋತ್ಯ ಭಾಗದ ಒಂದು ನಗರ. ಅಲ್ಲಿಯ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಈ ದ್ರಾವಣವನ್ನು ದ್ರಾಕ್ಷಿಬಳ್ಳಿಯ ಬೂಜುರೋಗಕ್ಕೆ ಮದ್ದೆಂದು ಪ್ರಕಟಿಸಿದನು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಸುಮಾರು 1910ರಲ್ಲಿ ಅದನ್ನು ಅಡಕೆಗೆ ಬಳಕೆಗೆ ತಂದರು.

ಈ ದ್ರಾವಣದಿಂದ ಉಳಿದುಕೊಂಡ ಬೋರ್ಡೋ ತೋಟಗಳ ಕೆಂಪು ದ್ರಾಕ್ಷಾಮದ್ಯ ಜಗತ್ಪ್ರಸಿದ್ಧವಾದುದು. ಅದೇ ಬಳ್ಳಿಯನ್ನು ಬೇರೆಡೆ ನೆಟ್ಟರೆ ಅದೇ ರುಚಿ ಏಕೆ ಬಾರದು? ಮದ್ಯವನ್ನು ಮುಟ್ಟದವರೂ ಕೇಳಬಹುದಾದ ಪ್ರಶ್ನೆಯಿದು.

ಮೊದಲು ರುಚಿಯನ್ನೇ ಬಿಡಿಸಿ ನೋಡೋಣ. ಅದರ ಒಗರಿಗೆ ಕಾರಣ ಟ್ಯಾನಿನ್. ಎಳೆಯ ಅಡಕೆಯನ್ನು ಅಗಿದಾಗ ನಾಲಗೆ ಬಿಗಿದಂತಾಗುವುದೂ ಇದೇ ವರ್ಗದ ವಸ್ತುಗಳಿಂದ. ಅವು ಜೊಲ್ಲಿನ ಪ್ರೋಟೀನುಗಳೊಡನೆ ಕೂಡಿಕೊಂಡು ಅದರ ಜಾರುಗುಣವನ್ನು ಕಳೆಯುತ್ತವೆ. ಹುಳಿಯು ಮುಖ್ಯವಾಗಿ ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲದ್ದು, ಜೊತೆಗೆ ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲದ್ದು. ಅಲ್ಲಿಯ ಪ್ರಧಾನ ತಳಿಗಳಲ್ಲೊಂದಾದ ಕ್ಯಾಬರ್ನೆ ಸೊವಿನ್ಯೋಂನಲ್ಲಿ ದೊಣ್ಣೆಮೆಣಸಿನಕಾಯಿಯ ವಾಸನೆಯೂ ಸುಳಿಯುವುದುಂಟು. ಇದು ಪೈರಜೀನ್ ಜಾತಿಯ ಒಂದು ವಸ್ತುವಿನಿಂದ ಬರುತ್ತದೆ. ಒಂದು ಲೀಟರ್ ನೀರಿನಲ್ಲಿ ಗ್ರಾಮಿನ ನೂರು ಕೋಟಿಯ ಕೆಲವೇ ಅಂಶಗಳಷ್ಟಿದ್ದರೂ ನಮ್ಮ ಮೂಗು ಅದನ್ನು ಗುರುತಿಸಬಲ್ಲದು!

ಇನ್ನು ನೆಲದ ವಿಚಾರ. ಬೋರ್ಡೋವಿನಲ್ಲಿ ಜಿರೋಂದ್ ನದಿಯ ಎಡದಂಡೆ ಗರಸು ನೆಲ. ನೀರು ಬೇಗನೆ ಬಸಿದುಹೋಗುವುದರಿಂದ ಬಳ್ಳಿಗೆ ಮಿತವಾದ ನೀರಡಿಕೆಯುಂಟಾಗಿ ಹಣ್ಣು ಚಿಕ್ಕದಾಗುತ್ತದೆ. ಗೋಳದ ವ್ಯಾಸ ಅರ್ಧವಾದರೆ, ಗಾತ್ರಕ್ಕೆ ಹೋಲಿಸಿದಾಗ ಅದರ ಮೇಲ್ಮೈ ಇಮ್ಮಡಿಯಾಗುವುದೆಂದು ವಿದ್ಯಾರ್ಥಿಗಳು ಬಲ್ಲರು. ಬಣ್ಣವೆಲ್ಲ ಸಿಪ್ಪೆಯಲ್ಲಿ, ಟ್ಯಾನಿನ್ ಸಿಪ್ಪೆ ಬೀಜಗಳಲ್ಲಿ ಇರುವುದರಿಂದ ಚಿಕ್ಕ ಹಣ್ಣಿನ ರಸ ಗಾಢವಾಗುತ್ತದೆ.

ಮೂರನೆಯದು ವಾಯುಗುಣ. ಹಣ್ಣು ಮಾಗುವಾಗ ಬಿಸಿಲು ಹೆಚ್ಚಿದರೆ ಪೈರಜೀನೂ ಮ್ಯಾಲಿಕ್ ಆಮ್ಲವೂ ಕುಗ್ಗುತ್ತವೆ. ರಾತ್ರಿಯೂ ಸೆಕೆಯಾದರೆ ಬಣ್ಣ ತೆಳುವಾಗುತ್ತದೆ. ಬೋರ್ಡೋ ಇರುವುದು ಸುಮಾರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಅಲ್ಲಿ ಬಳ್ಳಿ ಚಳಿಗಾಲದಲ್ಲಿ ನಿದ್ರಿಸಿ, ಶರತ್ಕಾಲದ ತಂಪಿನಲ್ಲಿ ಹಣ್ಣು ಕೊಡುತ್ತದೆ. ಇದೇ ಕ್ಯಾಬರ್ನೆಯನ್ನು ನಮ್ಮ ನಂದಿಬೆಟ್ಟದ ತಪ್ಪಲಿನಲ್ಲಿಯೂ ಬೆಳೆಸುತ್ತಾರೆ. ಅದು ಕೇವಲ 13 ಡಿಗ್ರಿ ಅಕ್ಷಾಂಶ. ಬಳ್ಳಿಗೆ ನಿದ್ರೆಯೇ ಇಲ್ಲ. ಆದುದರಿಂದ ಏಪ್ರಿಲ್ ಮತ್ತು ಅಕ್ಟೋಬರಿನ ಸುಮಾರಿಗೆ ಎರಡು ಬಾರಿ ಸವರಿ, ಮಳೆಯಿಲ್ಲದ ಫೆಬ್ರವರಿ–ಮಾರ್ಚಿನಲ್ಲಿ ಹಣ್ಣು ಕೊಯ್ಯುತ್ತಾರೆ. ಸುಮಾರು 900 ಮೀಟರ್ ಎತ್ತರವಿರುವುದರಿಂದ ಅಲ್ಲಿ ಸಮುದ್ರಮಟ್ಟಕ್ಕಿಂತ ಉಷ್ಣತೆ ಆರು ಡಿಗ್ರಿಯಷ್ಟು ಕಡಿಮೆ. ಈ ತಂಪಿಲ್ಲದಿದ್ದರೆ ಹುಳಿ ಇನ್ನಷ್ಟು ಸೋರಿಹೋಗುತ್ತಿತ್ತು. ತಳಿಯೊಂದೇ ಆದರೂ ನಂದಿಯ ರಸ ನಂದಿಯದೇ, ಬೋರ್ಡೋವಿನದಾಗದು.

ಆದರೆ ಊರಿನ ಗುಣವೂ ಶಾಶ್ವತವಲ್ಲ. ಭೂಮಿ ಬಿಸಿಯಾಗುತ್ತಿರುವುದರಿಂದ ಬೋರ್ಡೋವಿನ ಹಣ್ಣು ಬೇಗ ಮಾಗತೊಡಗಿದೆ. 2021ರಲ್ಲಿ ಅಲ್ಲಿ ಪೋರ್ಚುಗಲ್ಲಿನ ಟೂರಿಗಾ ನಾಸಿಯೊನಾಲ್ ಸೇರಿದಂತೆ ಆರು ಹೊಸ ತಳಿಗಳನ್ನು ಮಿತಪ್ರಮಾಣದಲ್ಲಿ ಬಳಸಲು ಅನುಮತಿಯಿತ್ತರು. ಶತಮಾನಗಳ ರುಚಿಯನ್ನು ಕಾಪಾಡಲು ಬಳ್ಳಿಯನ್ನೇ ಬದಲಿಸಬೇಕಾಗಿ ಬಂದಿದೆ. ಮಳೆ ಬಿಸಿಲುಗಳ ಲೆಕ್ಕ ತಪ್ಪಿದರೆ ಬೆಳೆಯ ಗುಣವೂ ತಪ್ಪುವುದೆಂಬುದನ್ನು ನಮ್ಮ ಅಡಕೆ ತೋಟದವರಿಗೆ ಬೇರೆ ಹೇಳಬೇಕಾಗಿಲ್ಲ.