ನೆಲದಡಿಯ ಕೊಳವೆಗೆ ಹಿಡಿದ ತುಕ್ಕು



ನೇಗಿಲ ಕುಳಕ್ಕೆ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಊರಿನ ಕುಡಿಯುವ ನೀರಿನ ಕೊಳವೆಗೆ ಹಿಡಿದ ತುಕ್ಕು ಕಾಣುವುದಿಲ್ಲ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅಂಚಿನ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತದ ಯೋಜನೆ ಆರಂಭವಾಯಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಆಚೆಗೆ, ಹೊಸಕೋಟೆ, ಆನೇಕಲ್ ಕಡೆಯ ಅನೇಕ ಊರುಗಳಿಗೆ ಇಂದಿಗೂ ಕೊಳವೆಬಾವಿಯ ನೀರೇ ಆಧಾರ. ಆ ನೀರು ಹಳೆಯ ಕಬ್ಬಿಣದ ಕೊಳವೆಯಲ್ಲಿ ಬರುತ್ತಿದ್ದರೆ ಈ ಮಾತು ನಿಮಗೆ.

ತೂತಾದ ಕೊಳವೆಯಿಂದ ನೀರು ಸೋರುವುದು ಒಂದು ನಷ್ಟ. ಅದಕ್ಕಿಂತ ದೊಡ್ಡ ಅಪಾಯವಿದೆ. ನೀರು ನಿಲ್ಲಿಸಿದ ಹೊತ್ತಿನಲ್ಲಿ ಅದೇ ತೂತು ಸುತ್ತಲಿನ ಕೊಳಚೆಯನ್ನು ಒಳಕ್ಕೆ ಎಳೆಯುತ್ತದೆ. ವಾಂತಿಭೇದಿ ಮನೆ ಹೊಗುವುದು ಹೀಗೆ.

ತುಕ್ಕು ಎಲ್ಲೆಡೆ ಒಂದೇ ಸಮನೆ ಹಿಡಿಯುವುದಿಲ್ಲ. ಜಿ.ಐ. ಕೊಳವೆಗೆ ಸತುವಿನ ಲೇಪವೇ ಕಾವಲು. ಜೋಡಣೆಗಾಗಿ ಥ್ರೆಡ್ ಕೊರೆದಲ್ಲಿ ಲೇಪ ಹೋಗಿರುತ್ತದೆ. ಚರಂಡಿ ದಾಟುವಲ್ಲಿ, ತಿಪ್ಪೆಯ ಬಳಿ, ಚೌಳು ಮಣ್ಣಿನಲ್ಲಿ ಅದು ಬೇಗ ಸವೆಯುತ್ತದೆ. ಆದ್ದರಿಂದ ಊರನ್ನೆಲ್ಲ ಅಗೆಯಬೇಕಾಗಿಲ್ಲ. ಹೀಗೆ ಮಾಡಿರಿ:

1. ರಾತ್ರಿ ಪಂಪು ನಿಲ್ಲಿಸಿ, ಎಲ್ಲ ನಲ್ಲಿಗಳನ್ನೂ ಮುಚ್ಚಿಸಿ, ಬೀದಿಯ ವಾಲ್ವುಗಳನ್ನು ತೆರೆದಿಟ್ಟು, ಟ್ಯಾಂಕಿನ ನೀರಿನ ಮಟ್ಟವನ್ನು ಗುರುತು ಹಾಕಿರಿ. ಎರಡು ಗಂಟೆ ಬಿಟ್ಟು ನೋಡಿರಿ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಟ್ಯಾಂಕಿನಲ್ಲಿ ನೀರು 10 ಸೆಂಟಿಮೀಟರ್ ಇಳಿದಿದ್ದರೆ 900 ಲೀಟರ್ ಮಣ್ಣುಪಾಲಾಗಿದೆ. ಬಳಿಕ ಒಂದೊಂದೇ ಬೀದಿಯ ವಾಲ್ವ್ ಮುಚ್ಚುತ್ತ ಬನ್ನಿರಿ. ಯಾವುದನ್ನು ಮುಚ್ಚಿದಾಗ ಇಳಿತ ತಗ್ಗುವುದೋ, ಆ ಬೀದಿಯಲ್ಲಿ ಸೋರಿಕೆ ಇದೆ.

2. ಟ್ಯಾಂಕಿಗೆ ಕ್ಲೋರಿನ್ ಹಾಕಿದ ದಿನ ಕೊನೆಯ ಮನೆಯ ನಲ್ಲಿ ನೀರನ್ನು ಪರೀಕ್ಷಿಸಿರಿ. ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು. ಟ್ಯಾಂಕಿನಲ್ಲಿದ್ದು ಅಲ್ಲಿ ಇಲ್ಲವಾದರೆ, ದಾರಿಯಲ್ಲಿ ಕೊಳೆಯೋ ತುಕ್ಕೋ ಅದನ್ನು ತಿಂದಿರಬಹುದು. ದುರಸ್ತಿಯಾಗುವವರೆಗೆ ನೀರನ್ನು ಕುದಿಸಿ ಕುಡಿಯಿರಿ.

3. ಕೊಳವೆ ಒಡೆದ ದಿನ, ಜಾಗ, ಖರ್ಚು ಎಲ್ಲವನ್ನೂ ನೀರುಗಂಟಿಯು ಪುಸ್ತಕದಲ್ಲಿ ಬರೆದಿಡಲಿ. ಕತ್ತರಿಸಿ ತೆಗೆದ ತುಂಡನ್ನು ಎಸೆಯಬೇಡಿರಿ. ಅದರ ಗೋಡೆ ಎಷ್ಟು ತೆಳುವಾಗಿದೆಯೆಂದು ನೋಡಿದರೆ ಪಕ್ಕದ ಕೊಳವೆಯ ಸ್ಥಿತಿ ತಿಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಹಳೆಯ ಕಬ್ಬಿಣದ ನಡುವೆ ಹೊಸ ಕಬ್ಬಿಣದ ತುಂಡು ಸೇರಿಸಿದರೆ, ಹೊಸದೇ ಮೊದಲು ತುಕ್ಕು ತಿನ್ನುವುದುಂಟು. ಒಂದೇ ಕಡೆ ಪದೇ ಪದೇ ಒಡೆಯುತ್ತಿದ್ದರೆ ತೇಪೆಗೆ ಹಣ ಸುರಿಯದೆ, ಆ ಭಾಗವನ್ನಷ್ಟೇ ತೆಗೆದು ತುಕ್ಕು ಹಿಡಿಯದ ಎಚ್.ಡಿ.ಪಿ.ಇ. ಕೊಳವೆ ಹಾಕಿಸಿರಿ.

ಮುಂದಿನ ಗ್ರಾಮಸಭೆಗೆ ಈ ಪುಸ್ತಕವನ್ನೂ ಆ ತುಂಡನ್ನೂ ತೆಗೆದುಕೊಂಡು ಹೋಗಿರಿ. ಯಾವ ಬೀದಿಯ ಕೆಲಸ ಮೊದಲು ಆಗಬೇಕೆಂಬುದನ್ನು ಅವೇ ತೋರಿಸುತ್ತವೆ.