ಖಾಲಿ ಬಿದ್ದೈತಿ, ಮಾರಿಬಿಡ್ರಿ ಅಂದರೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲೂಕು ಊರುಗಳನ್ನೇ ತಗೊಳ್ಳಿ, ಇಲ್ಲಾ ರಾಜ್ಯದ ಬೇರೆ ಯಾವುದೇ ತಾಲೂಕು ಊರನ್ನು ತಗೊಳ್ಳಿ. ಬಜಾರಿನ ನಡುವೆ ಸ್ಥಳೀಯ ಸಂಸ್ಥೆಯ ಒಂದು ಹಳೇ ಕಟ್ಟಡ ಇದೆ ಅಂತ ಇಟ್ಟುಕೊಳ್ಳೋಣ. ಆಫೀಸು ಹೊಸ ಕಟ್ಟಡಕ್ಕೆ ಹೋಗಿದೆ. ಹಳೇದಕ್ಕೆ ಬೀಗ, ಗೋಡೆಗೆ ಪೋಸ್ಟರು, ಸಂದಿಯಲ್ಲಿ ಜಾಲಿ ಗಿಡ. ಒಂದು ದಿನ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಕೊನೆಯ ವಿಷಯವಾಗಿ ಅದು ಬರುತ್ತೆ: ಕಟ್ಟಡ ವಿಲೇವಾರಿ ಮಾಡಿ ಹೊಸ ಕಾಂಪ್ಲೆಕ್ಸ್‌ಗೆ ಅವಕಾಶ ಕೊಡುವ ಬಗ್ಗೆ. ಊರಿನ ಜನ ಏನಂತಾರೆ? "ಹಾಳು ಬಿದ್ದೈತಿ, ಮಾರಿಬಿಡ್ರಿ, ನಮಗೇನು?" ಅಂತಾರೆ.

ನಮಗೇನು ಅನ್ನೋ ಆ ಮಾತಿದೆಯಲ್ಲ, ಇವತ್ತು ಅದರ ಬಗ್ಗೆಯೇ ಹೇಳಬೇಕು.

ಮೊದಲ ಪ್ರಶ್ನೆ: ಅದು ಯಾರ ಆಸ್ತಿ? ಊರಿನಲ್ಲಿ ಖಾಲಿ ಬಿದ್ದ ಸರ್ಕಾರಿ ಕಟ್ಟಡ ಎಲ್ಲವೂ ಪುರಸಭೆಯದಲ್ಲ. ಕೆಲವು ಕಂದಾಯ ಇಲಾಖೆಯವು, ಕೆಲವು ಲೋಕೋಪಯೋಗಿಯವು, ಕೆಲವು ಎಪಿಎಂಸಿಯವು. ಸಿಟಿ ಸರ್ವೆ ಉತಾರದಲ್ಲಿ ಯಾರ ಹೆಸರಿದೆ ಅಂತ ನೋಡದೆ ಠರಾವು ಮಾಡಿದರೆ, ಮಾರಿದ ಮೇಲೆ ಕೋರ್ಟಿನಲ್ಲಿ ಹತ್ತಾರು ವರ್ಷ ಕೂರಬೇಕಾಗುತ್ತೆ. ಒಂದು ವೇಳೆ ಆಸ್ತಿ ಪುರಸಭೆಯದೇ ಆಗಿದ್ದರೂ ಅಧ್ಯಕ್ಷರು, ಮುಖ್ಯಾಧಿಕಾರಿ ಕೂತು ಮಾರುವ ಹಾಗಿಲ್ಲ. ಪುರಸಭೆ ಇರಲಿ, ನಗರಸಭೆ ಇರಲಿ, ಎರಡಕ್ಕೂ ಕರ್ನಾಟಕ ಪುರಸಭೆಗಳ ಕಾಯ್ದೆ, 1964 ಒಂದೇ. ಅದರ 72ನೇ ಕಲಂ ಪ್ರಕಾರ ಐದು ವರ್ಷ ಮೀರಿದ ಲೀಸಿಗೆ ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು. ಸ್ಥಿರಾಸ್ತಿಯನ್ನು ಪುಕ್ಕಟೆ ಕೊಡುವುದಕ್ಕೂ, ಸಣ್ಣಪುಟ್ಟ ಮೌಲ್ಯ ದಾಟಿದ ಮಾರಾಟಕ್ಕೂ ಅದೇ ಷರತ್ತು. ಅನುಮತಿ ಇಲ್ಲದ ವ್ಯವಹಾರ ಊರ್ಜಿತವಲ್ಲ. ಠರಾವು ಕಾನೂನುಬಾಹಿರ ಅನಿಸಿದರೆ 306ನೇ ಕಲಂನಲ್ಲಿ ಅದನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಿದೆ.

ಸರಿ, ಜನರನ್ನು ಕೇಳುವುದು ಎಲ್ಲಿ ಬಂತು? 72ನೇ ಕಲಂ ಬೆಂಗಳೂರಿನ ಒಪ್ಪಿಗೆ ಕೇಳುತ್ತೆ, ಬಜಾರಿನ ಒಪ್ಪಿಗೆ ಕೇಳಲ್ಲ. ಆದರೆ ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಸಿ) ಅಂತ ಒಂದಿದೆ. ಜನರ ಮೇಲೆ ಪರಿಣಾಮ ಬೀರುವ ನಿರ್ಧಾರ ಪ್ರಕಟಿಸುವಾಗ ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ಸಾರ್ವಜನಿಕ ಪ್ರಾಧಿಕಾರ ತಾನಾಗಿಯೇ ಪ್ರಕಟಿಸಬೇಕು ಅನ್ನುತ್ತೆ ಅದು. ತಾನಾಗಿಯೇ, ಅಂದರೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕುವ ಮೊದಲೇ. ಈ ಕಲಂ ಓದಿದ ಅಧಿಕಾರಿಗಳನ್ನು ಹುಡುಕುವುದು ಸ್ವಲ್ಪ ಕಷ್ಟ, ಬಿಡಿ.

ಲಖನೌ ಕಥೆ ಕೇಳಿ. ಅಮೀನಾಬಾದ್ ಅನ್ನೋ ಗಿಜಿಗುಡುವ ಬಜಾರಿನಲ್ಲಿ ಝಂಡೇವಾಲಾ ಪಾರ್ಕ್ ಇದೆ. ಅಲ್ಲಿನ ನಗರ ಪಾಲಿಕೆ 1993ರಲ್ಲಿ ಆ ಪಾರ್ಕಿನ ಅಡಿಯಲ್ಲಿ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟಲು ಒಬ್ಬ ಬಿಲ್ಡರ್‌ಗೆ ಕೊಟ್ಟಿತು. ಟೆಂಡರ್ ಕರೆಯಲಿಲ್ಲ. ಆಗ ಹೇಳಿದ್ದೂ ಇದೇ ಥರದ ಮಾತು: ಅಭಿವೃದ್ಧಿ, ಪಾರ್ಕಿಂಗು, ಅನುಕೂಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1999ರಲ್ಲಿ ಕೋರ್ಟು, ಪಾಲಿಕೆ ಈ ಜಾಗದ ಧಣಿಯಲ್ಲ, ಜನರ ಪರವಾಗಿ ನೋಡಿಕೊಳ್ಳುವ ಟ್ರಸ್ಟಿ ಅಷ್ಟೇ ಅನ್ನುವ ನಿಲುವು ತಳೆದು, ಕಟ್ಟಿದ್ದನ್ನೆಲ್ಲ ಕೆಡವಿ ಪಾರ್ಕನ್ನು ಮೊದಲಿನಂತೆ ಮಾಡಿ ಅಂತ ಆದೇಶ ಕೊಟ್ಟಿತು. ಕೋಟಿಗಟ್ಟಲೆ ದುಡ್ಡು ಮಣ್ಣುಪಾಲು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಜನರನ್ನು ಕೇಳಿದ್ದರೆ ಎಷ್ಟು ಉಳಿಯುತ್ತಿತ್ತು?

ಹಾಗಂತ ಮಾರಲೇಬಾರದು ಅನ್ನೋ ಹಟವೂ ಸರಿಯಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನೋಡಿ. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಆಮೇಲೆ ಉಳಿಸಬೇಕೋ ಕೆಡವಬೇಕೋ ಅನ್ನೋ ಜಗಳ ಸಮಿತಿಗಳನ್ನು ದಾಟಿ ಹೈಕೋರ್ಟ್ ತನಕ ಹೋಯಿತು, ಮಳಿಗೆಗಳು ವರ್ಷಾನುಗಟ್ಟಲೆ ಖಾಲಿ ನಿಂತವು. ಖಾಲಿ ಬಿಟ್ಟ ಕಟ್ಟಡ ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಸಾಯುತ್ತೆ. ಸುಮ್ಮನಿರುವುದೂ ಒಂದು ನಿರ್ಧಾರವೇ, ಅದಕ್ಕೂ ಖರ್ಚಿದೆ.

ಮೂರನೇ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಗೋಳಗುಮ್ಮಟದ ಮುಂದಿನ ನಗಾರಖಾನೆ ನೋಡಿರ್ತೀರಿ. ನಗಾರಿ ನಿಂತು ಎಷ್ಟೋ ಕಾಲವಾಗಿತ್ತು. 1892ರಲ್ಲಿ ಅದು ವಸ್ತುಸಂಗ್ರಹಾಲಯ ಆಯಿತು, ಇವತ್ತಿಗೂ ಮಕ್ಕಳು ಸಾಲಾಗಿ ಒಳಗೆ ಹೋಗುತ್ತಾರೆ. ಪುರಸಭೆಯ ಸಾದಾ ಕಟ್ಟಡ ಆದಿಲ್‌ಶಾಹಿ ಕಟ್ಟಡವಲ್ಲ, ಒಪ್ಪಿದೆ. ಆದರೆ ಗ್ರಂಥಾಲಯಕ್ಕೋ, ಅಂಗನವಾಡಿಗೋ, ಸಂತೆಗೆ ಬರುವ ಹೆಣ್ಣುಮಕ್ಕಳ ಶೌಚಾಲಯಕ್ಕೋ ಜಾಗ ಬೇಕು ಅಂದಾಗ ಊರಿನ ನಡುವೆ ಜಾಗವೇ ಇಲ್ಲ ಅನ್ನೋ ಉತ್ತರ ಬರುತ್ತಲ್ಲ, ಆಗ ಈ ಕಟ್ಟಡ ನೆನಪಾಗಬೇಕು. ಮಾರಿದ ಮೇಲೆ ಅದೇ ಬಜಾರಿನಲ್ಲಿ ಅಷ್ಟು ಜಾಗವನ್ನು ಪುರಸಭೆ ಮತ್ತೆ ಕೊಳ್ಳೋದು ಕನಸಿನ ಮಾತು.

ಇಂಗ್ಲೆಂಡಿನಲ್ಲಿ ಇದಕ್ಕೊಂದು ಉಪಾಯ ಮಾಡಿದ್ದಾರೆ. 2011ರ ಲೋಕಲಿಸಂ ಕಾಯ್ದೆಯಲ್ಲಿ ಊರವರು ತಮಗೆ ಬೇಕಾದ ಕಟ್ಟಡವನ್ನು ಒಂದು ಪಟ್ಟಿಗೆ ಸೇರಿಸಬಹುದು. ಅದು ಮಾರಾಟಕ್ಕೆ ಬಂದಾಗ ಊರಿನ ಸಂಘವೊಂದು ನಾವೂ ಕೊಳ್ಳುತ್ತೇವೆ ಅಂತ ಬರೆದುಕೊಟ್ಟರೆ ಆರು ತಿಂಗಳ ಕಾಲಾವಕಾಶ ಸಿಗುತ್ತೆ. ಮಾಲೀಕ ಅವರಿಗೇ ಮಾರಬೇಕು ಅಂತೇನಿಲ್ಲ, ಸಮಯ ಮಾತ್ರ ಸಿಗುತ್ತೆ. ನಮ್ಮಲ್ಲಿ ನೋಟಿಸು ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬರುತ್ತೆ, ಅದನ್ನು ಓದಲು ಭೂತಗನ್ನಡಿ ಬೇಕು.

ಇನ್ನು ದುಡ್ಡಿನ ವಿಷಯ. ಕನಿಷ್ಠ ಬೆಲೆಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರದಲ್ಲಿ ಇಟ್ಟಿದ್ದಾರೋ, ಪಕ್ಕದ ಮಳಿಗೆ ನಿಜವಾಗಿ ಹೋದ ಬೆಲೆ ನೋಡಿ ಇಟ್ಟಿದ್ದಾರೋ ಕೇಳಿ. ಎರಡರ ನಡುವಿನ ವ್ಯತ್ಯಾಸದಲ್ಲೇ ಎಷ್ಟೋ ಜನರ ಮನೆ ಕಟ್ಟುತ್ತೆ. ಬಂದ ಹಣ ಕರೆಂಟ್ ಬಿಲ್ಲಿಗೆ, ಬಾಕಿ ಸಂಬಳಕ್ಕೆ ಹೋದರೆ ಎತ್ತು ಮಾರಿ ಮೇವು ತಂದ ಹಾಗೆ. ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿ ಒಬ್ಬರೇ ಇದ್ದ ಕಾಲದಲ್ಲಿ ಇಂಥ ಠರಾವು ಬಂದರಂತೂ ಎರಡು ಪಟ್ಟು ಎಚ್ಚರ ಬೇಕು. ಯಾಕಂದರೆ ನಾಳೆ ಅವರು ವರ್ಗವಾಗಿ ಹೋಗುತ್ತಾರೆ, ಕಟ್ಟಡ ಇದ್ದ ಜಾಗದ ಮುಂದೆ ನೀವೇ ಓಡಾಡಬೇಕು.

ಆಕ್ಷೇಪಣೆ ಇದ್ದರೆ ಚಹಾದಂಗಡಿಯಲ್ಲಿ ಹೇಳಿ ಪ್ರಯೋಜನ ಇಲ್ಲ. ಬರೆದು ಕೊಡಿ. ಉತಾರದ ನಕಲು, ಕಟ್ಟಡದ ಸ್ಥಿತಿ ಬಗ್ಗೆ ಎಂಜಿನಿಯರ್ ವರದಿ, ಬೆಲೆ ನಿಗದಿಯ ಲೆಕ್ಕ, ಬರುವ ಹಣ ಯಾವುದಕ್ಕೆ ಅನ್ನೋ ಠರಾವಿನ ಪ್ರತಿ, ಈ ನಾಲ್ಕನ್ನೂ ಅದರಲ್ಲೇ ಕೇಳಿ. ಒಂದು ಪ್ರತಿ ಮುಖ್ಯಾಧಿಕಾರಿಗೆ, ಇನ್ನೊಂದು ಜಿಲ್ಲಾಧಿಕಾರಿಗೆ. ನಿಮ್ಮ ಹತ್ತಿರ ಇರುವ ಮೂರನೇ ಪ್ರತಿಯ ಮೇಲೆ ಆವಕ ಶಾಖೆಯ ಸಿಕ್ಕಾ ಮತ್ತು ತಾರೀಖು ಬೀಳುವವರೆಗೆ ಕೌಂಟರ್ ಬಿಟ್ಟು ಬರಬೇಡಿ.